ಸತ್ತವರ ರುಚಿ ಬಲ್ಲ ಅತ್ತೆ

ಎಂಟು ಮಿರ್ಚಿಭಜಿ. ಏಳು ಇಡಿಯಾಗಿವೆ, ಎಂಟನೆಯದನ್ನು ಯಾರೋ ಅರ್ಧ ಕಚ್ಚಿ ಇಟ್ಟಿದ್ದಾರೆ. ಅದೂ ಮಹಾಲಯ ಅಮಾವಾಸ್ಯೆಯ ದಿನ, ಹಿರಿಯರಿಗೆಂದು ಬಡಿಸಿದ ಎಡೆಯಲ್ಲಿ! ಇನ್ನೂ ಪೂಜೆಯೇ ಆಗಿಲ್ಲ!

ಕಚ್ಚಿದ್ದು ಇಲಿಯಲ್ಲ, ನನ್ನ ಸೋದರತ್ತೆ. ಚಿತ್ತಾಪುರದ ಈ ಅತ್ತೆಗೆ ಬದುಕಿದ್ದವರಿಗಿಂತ ಸತ್ತವರ ಜೊತೆಗೇ ಹೊಂದಾಣಿಕೆ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ಅವಳ ಗಂಡ, ಅಂದರೆ ನನ್ನ ಮಾವ, ಅವರೂ ಮೊದಲು ನಂಬಿರಲಿಲ್ಲ.

"ಎಂಜಲಾ ಎಡಿಗಿ ಇಡ್ತಾರೇನ?" ಎಂದು ಮೊದಲ ಸಲ ಹೌಹಾರಿದ್ದರಂತೆ.

"ನಿಮ್ಮಪ್ಪ ಎಂಟನೇ ಭಜಿ ಎಂದಾದ್ರೂ ಪೂರಾ ತಿಂದಾರೇನ್ರಿ? ಅರ್ಧಾ ಬಿಟ್ಟೇ ಏಳೋರು. ಎಂಟೂ ಪೂರಾ ಇಟ್ರ, ಇದ್ಯಾರದೋ ಮನಿ ಅಂತ ವಾಪಸ್ ಹೋಗಿಬಿಡ್ತಾರ!"

ಆ ಭಜಿಯೂ ಮನೆಯಲ್ಲಿ ಕರಿದದ್ದಲ್ಲ. ಮಾವನ ತಂದೆ, ನಾವೆಲ್ಲ ಮುತ್ಯಾ ಎನ್ನುತ್ತಿದ್ದವರು, ವಾಡಿ ಸ್ಟೇಷನ್ನಿನ ಹೊರಗಿನ ಬಂಡಿಯ ಭಜಿಯನ್ನೇ ತಿನ್ನುತ್ತಿದ್ದರು. ಹಾಗಾಗಿ ಪ್ರತಿವರ್ಷ ಅಮಾವಾಸ್ಯೆಯ ಬೆಳಗ್ಗೆ ಪೂಜೆಗೆ ಕೂರಬೇಕಾದ ಯಜಮಾನರು ರೈಲು ಹತ್ತಿ ವಾಡಿಗೆ ಹೋಗಿ ಭಜಿ ಕಟ್ಟಿಸಿಕೊಂಡು ಬರಬೇಕು. ಬಂಡಿಯವನು ಬದಲಾಗಿ ಎಷ್ಟೋ ವರ್ಷವಾಯಿತೆಂದು ಮಾವ ಒಮ್ಮೆ ವಾದಿಸಿ ನೋಡಿದರು.

"ಬಂಡಿ ಅದೇ ಜಾಗಾದಾಗ ಅದನೋ ಇಲ್ಲೋ?"

ಮುಗಿಯಿತು! ಮಾವ ಚಪ್ಪಲಿ ಮೆಟ್ಟಿದರು.

ಪಕ್ಕದ ಎಲೆ ಅತ್ತೆಯ ಅತ್ತೆಯದು. ಅದಕ್ಕೆ ಬಡಿಸುವ ಪುಂಡಿಪಲ್ಯಕ್ಕೆ ಉಪ್ಪು ಹಾಕುವುದಿಲ್ಲ. ಮರೆತು ಅಲ್ಲ, ಬೇಕೆಂದೇ. ಆ ಮುದುಕಿ ಇರುವ ತನಕ ಸೊಸೆಯ ಅಡುಗೆಗೆ ಉಪ್ಪು ಕಡಿಮೆ ಎಂದು ಬೈದವಳು. "ಉಪ್ಪು ಸರಿ ಇದ್ರ ಆಕಿ ಬಂದು ಏನು ಮಾಡ್ಬೇಕು? ಬಯ್ಲಿಕ್ಕಾದ್ರೂ ಬರ್ಲಿ ಬಿಡು" ಎನ್ನುತ್ತಾಳೆ ಅತ್ತೆ. ಬಡಿಸಿದ ಮೇಲೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾಳೆ. ಮುತ್ಯಾ ಇದ್ದಾಗ ಅವರ ಹೆಸರೆತ್ತದಿದ್ದ ಸೊಸೆ, ಈಗ ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಕರೆಯದೆ ಯಾರಾದರೂ ಉಣ್ಣಲು ಬರುತ್ತಾರೆಯೇ!

ನಾನು ಸೇಡಂನ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಈ ವರ್ಷ ಹಬ್ಬದ ಹಿಂದಿನ ಸಂಜೆಯೇ ಬಂದವಳು, ಅತ್ತೆಯ ಜೊತೆ ಕರ್ಚಿಕಾಯಿ ಮಡಚುತ್ತ ಕುಳಿತಿದ್ದೆ.

"ಮೆಕ್ಸಿಕೊ ಅನ್ನೋ ದೇಶದಾಗೂ ಹಿರೇರ ಹಬ್ಬ ಅದ ಅತ್ತಿ" ಎಂದೆ. "ಸಮಾಧಿಯಿಂದ ಮನೀ ತನಕ ಚೆಂಡುಹೂವಿನ ಎಸಳು ಹಾಸ್ತಾರ, ಸತ್ತವರಿಗೆ ಹಾದಿ ಕಾಣ್ಲಿ ಅಂತ."

"ಯಾಕ, ಅವರ ಹಿರೇರಿಗೆ ಮನಿ ಗೊತ್ತಿಲ್ಲೇನು? ಮುತ್ಯಾ ಎಷ್ಟು ಕುಡದ್ರೂ ಹಾದಿ ತಪ್ಪಿಲ್ಲವ್ವಾ!"

"ಸಕ್ಕರೀಲೆ ತಲಿಬುರುಡಿ ಮಾಡ್ತಾರ."

"ಯವ್ವಾ! ತಿಂತಾರೇನು?" ಗಳಿಗೆ ಹೊತ್ತು ಯೋಚಿಸಿದಳು. "ಬೆಲ್ಲದಾಗ ಬರಂಗಿಲ್ಲೇನು?"

ನಾನು ನಗುತ್ತಲೇ ಮುಂದುವರಿಸಿದೆ. "ಅವರದು ಎರಡು ದಿನದ ಹಬ್ಬ. ದೊಡ್ಡವರಿಗೆ ಎರಡನೇ ದಿನ. ಮೊದಲನೇ ದಿನ ತೀರಿಹೋದ ಸಣ್ಣ ಮಕ್ಕಳಿಗೆ."

ಅತ್ತೆಯ ಕೈ ನಿಂತಿತು.

ಆಗ ನೆನಪಾಯಿತು. ನಾನು ಹುಟ್ಟುವ ಮೊದಲು ಅತ್ತೆಗೆ ಹುಟ್ಟಿದ ಚೊಚ್ಚಲ ಹೆಣ್ಣುಕೂಸು ಹನ್ನೊಂದು ದಿನ ಮಾತ್ರ ಬದುಕಿತ್ತು. ಆ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಗೊತ್ತಿದ್ದೂ ಮರೆತಿದ್ದೆ.

"ಸಣ್ಣವರಿಗೂ ಎಡಿ ಇಡ್ತಾರಾ?"

"ಹ್ಞೂಂ ಅತ್ತಿ."

"ನಮ್ಮಲ್ಲಿ ಇಡಂಗಿಲ್ಲ. ಹಿರೇರ ಸಾಲಿನಾಗ ಕೂಸಿಗೆಲ್ಲಿ ಜಾಗಾ." ಮಡಚಿದ ಕರ್ಚಿಕಾಯಿಯ ಅಂಚು ಒತ್ತುತ್ತ ಮತ್ತೆ ಅವಳೇ ಅಂದಳು: "ಇಟ್ರೂ ಏನಿಡ್ಲಿ? ಉಪ್ಪು ಕಂಡಿಲ್ಲ, ಖಾರ ಕಂಡಿಲ್ಲ. ನಾಳಿಗಿ ತೊಟ್ಟಿಲು ಅಂದ್ರ ಇವತ್ತ ಹೋತು. ಹೆಸರೂ ಇಡಲಿಲ್ಲ. ಏನಂತ ಕರೀಲಿ?"

ಮನೆಯ ಸತ್ತವರೆಲ್ಲರ ನಾಲಿಗೆ ಬಲ್ಲವಳು ನನ್ನನ್ನು ಕೇಳುತ್ತಿದ್ದಳು.

ಅಮಾವಾಸ್ಯೆಯ ದಿನ ವಾಡಿಯಿಂದ ಭಜಿ ಬಂತು, ಪಲ್ಯ ಸಪ್ಪೆಯಾಗಿಯೇ ಬಂತು, ಹಿರಿಯರನ್ನು ಕೂಗಿ ಕರೆದದ್ದೂ ಆಯಿತು. ನಾನು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಒಳಗಿನಿಂದ ಅತ್ತೆ ನನ್ನ ಹೆಸರು ಹಿಡಿದು ಕರೆದಳು, ಬಹಳ ಮೆಲ್ಲಗೆ.

"ಬಂದೆ ಅತ್ತಿ" ಎನ್ನುತ್ತ ಹೋದೆ.

ಎಡೆಯ ಸಾಲಿನ ಕೊನೆಗೆ ಅಂಗೈಯಗಲದ ಒಂದು ಎಲೆ. ಅದರ ಮೇಲೆ ಪುಟ್ಟ ಬಟ್ಟಲಲ್ಲಿ ಹಾಲು. ಮಾವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಅತ್ತೆ ನನ್ನತ್ತ ತಿರುಗಲಿಲ್ಲ.

"ನಿನಗಲ್ಲವ್ವಾ" ಎಂದಳು. "ಆಕಿಗಿ ಕರೀಲಿಕತ್ತೀನಿ."

ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನನ್ನ ಕಿವಿಯಲ್ಲಿ ಹೇಳಿದವಳು ಇವಳೇ. ಮನೆಯವರು ಬೇರೆ ಹೆಸರು ಗೊತ್ತುಮಾಡಿದ್ದರೂ ಹಟ ಹಿಡಿದು ಇದನ್ನೇ ಇಟ್ಟಳೆಂದು ನನ್ನ ಅವ್ವ ಈಗಲೂ ನಗುತ್ತ ದೂರುವುದುಂಟು. ಅತ್ತೆ ಅದನ್ನು ಯಾರಿಗಾಗಿ ಎತ್ತಿಟ್ಟಿದ್ದಳೆಂದು ನಾವ್ಯಾರೂ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ನಾನು ಸೇಡಂ ರೈಲು ಹಿಡಿಯಬೇಕಿತ್ತು. ಕಾಲೇಜಿಗೆ ಫೋನ್ ಮಾಡಿ ಒಂದು ದಿನದ ರಜೆ ಕೇಳಿದೆ. ಎಣ್ಣೆ, ಹಣಿಗೆ ತಂದು ಅತ್ತೆಯ ಕೈಗೆ ಕೊಟ್ಟು, ಅವಳಿಗೆ ಬೆನ್ನು ಮಾಡಿ ಕುಳಿತು, ಜಡೆ ಬಿಚ್ಚಿದೆ.