ಮನಸ್ಸು ಬಂದರೆ ಹೊರಡುವ ಕಾರು

ತಿಲಕಸಿರಿ ಆ ದಿನ ಬಾಯಿ ಮುಚ್ಚಿಕೊಂಡು ಪೇಪರ್ ಓದುತ್ತಿದ್ದಿದ್ದರೆ ಈ ಫಜೀತಿಯೇ ಇರಲಿಲ್ಲ. ಅತ್ತೆ ತೀರಿಕೊಂಡು ಮೂರು ತಿಂಗಳಾಗುತ್ತ ಬಂದಿತ್ತು. ಮೂರು ತಿಂಗಳ ದಾನಕ್ಕೆ ವಿಹಾರದಿಂದ ನಾಲ್ವರು ಭಿಕ್ಷುಗಳನ್ನು ಮನೆಗೆ ಕರೆತಂದು ಊಟ ಬಡಿಸಬೇಕು. ಹೆಂಡತಿ ಸೋಮಲತಾ ಬಾಡಿಗೆ ವ್ಯಾನಿನವನಿಗೆ ಫೋನ್ ಹಚ್ಚುತ್ತಿದ್ದಳು.

"ಮನೇಲಿ ಕಾರ್ ಇಟ್ಕೊಂಡು ಬಾಡಿಗೆ ವ್ಯಾನ್ ಯಾಕೆ?" ಎಂದ ತಿಲಕಸಿರಿ.

ಸೋಮಲತಾ ಫೋನ್ ಕೆಳಗಿಟ್ಟು ಗಂಡನ ಮುಖ ನೋಡಿದಳು. "ಅದು ಹೊರಡುತ್ತಾ?"

"ಹೊರಡದೆ ಏನು?"

ಹೀಗೆ ಕೇಳಿದ್ದಕ್ಕೆ ಅವನದೇ ಕಾರಣವಿತ್ತು. ಬದುಕಿರುವಷ್ಟು ದಿನ ಅತ್ತೆ ಒಂದು ಸಲವೂ ಆ ಕಾರಿನಲ್ಲಿ ಕೂತಿರಲಿಲ್ಲ. ಕರೆದಾಗಲೆಲ್ಲ, "ನೀನು ಮೊದ್ಲು ಸ್ಟಾರ್ಟ್ ಮಾಡಪ್ಪ, ಆಮೇಲೆ ಸೀರೆ ಉಡ್ತೀನಿ" ಎನ್ನುತ್ತಿದ್ದರು. ಅವರ ಹೆಸರಿನ ದಾನಕ್ಕಾದರೂ ಕಾರು ಮರ್ಯಾದೆಯಾಗಿ ಓಡಲಿ ಎಂದು ಅವನ ಆಸೆ.

ಅದು ಇಪ್ಪತ್ತೆರಡು ವರ್ಷದ ಜಪಾನಿ ಕಾರು, ಗೇರು ತಾನೇ ಬದಲಾಯಿಸಿಕೊಳ್ಳುವ ಆಟೋಮ್ಯಾಟಿಕ್. ಓಡಲು ಶುರುವಾದರೆ ಬೆಣ್ಣೆಯ ಹಾಗೆ ಓಡುತ್ತಿತ್ತು. ಹತ್ತು ಸಲ ಕೀ ತಿರುಗಿಸಿದರೆ ಒಂಬತ್ತು ಸಲ ಸ್ಟಾರ್ಟ್ ಆಗುತ್ತಿತ್ತು. ಆ ಹತ್ತನೆಯ ಸಲ ಯಾವಾಗ ಬರುತ್ತದೆಂದು ಮಾತ್ರ ಯಾರೂ ಹೇಳಲಾರರು. ದೀಪ ಉರಿಯುತ್ತದೆ, ರೇಡಿಯೋ ಹಾಡುತ್ತದೆ, ಹಾರ್ನ್ ಕೂಗುತ್ತದೆ, ಎಂಜಿನ್ ಮಾತ್ರ ಕಮಕ್ ಕಿಮಕ್ ಅನ್ನುವುದಿಲ್ಲ. ಕ್ಯಾಂಡಿ ಹತ್ತಿರದ ಗಂಪೊಲದ ನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ತಿಲಕಸಿರಿಗೆ, ಮುಂದಿರುವ ಫೈಲೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸ ಮಾಡುವ ತನ್ನ ಪಕ್ಕದ ಮೇಜಿನವನ ನೆನಪಾಗುತ್ತಿತ್ತು.

ದಾನದ ದಿನ ಬೆಳಿಗ್ಗೆ ಮನೆ ತುಂಬ ನೆಂಟರು. ಅಡುಗೆಮನೆಯಿಂದ ಎಳೆ ಹಲಸಿನ ಪಲ್ಯದ ಘಮ. ಮಧ್ಯಾಹ್ನ ಹನ್ನೆರಡು ದಾಟಿದರೆ ಭಿಕ್ಷುಗಳು ತುತ್ತು ಮುಟ್ಟುವುದಿಲ್ಲ. ಅವರು ಉಣ್ಣದಿದ್ದರೆ ಅತ್ತೆಗೆ ಪುಣ್ಯ ಸಲ್ಲುವುದಿಲ್ಲ. ಅತ್ತೆಗೆ ಪುಣ್ಯ ಸಲ್ಲದಿದ್ದರೆ ಸೋಮಲತಾ ಬದುಕಿರುವವರೆಗೂ ಅದನ್ನು ಮರೆಯುವುದಿಲ್ಲ. ಒಂಬತ್ತು ಗಂಟೆಗೇ ಹೊರಟುಬಿಡೋಣವೆಂದು ತಿಲಕಸಿರಿ ಬಿಳಿ ಸರೋಂಗು ಲುಂಗಿ ಉಟ್ಟು ಕಾರಿನಲ್ಲಿ ಕೂತು ಕೀ ತಿರುಗಿಸಿದ.

ಹತ್ತನೆಯ ಸಲ ಬಂದಿತ್ತು.

ಬೇಲಿಯಾಚೆಯಿಂದ ದಿಸ್ಸಾನಾಯಕ ಮಾಸ್ತರು ಇಣುಕಿದರು. ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಏನಾದರೂ ಕೆಟ್ಟಿದೆ ಎಂದು ಗೊತ್ತಾದರೆ ಮುಖ ಅರಳುತ್ತಿತ್ತು.

"ಬ್ಯಾಟರಿ" ಎಂದರು.

"ಹೊಸ ಬ್ಯಾಟರಿ ಮಾಸ್ತರೆ. ಮೊನ್ನೆ ಹಾಕ್ಸಿದ್ದು."

"ಹೊಸದೇ ಮೊದ್ಲು ಕೈಕೊಡೋದು." ಮಾಸ್ತರು ತಮ್ಮ ಕಾರು ತಂದು, ಎರಡೂ ಬ್ಯಾಟರಿಗೆ ವೈರು ಜೋಡಿಸಿದರು. ದೀಪ ಇನ್ನಷ್ಟು ಪ್ರಕಾಶಮಾನವಾಯಿತು. ಎಂಜಿನ್ ಮಿಸುಕಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಪೊಡಿಮೆಣಿಕೆ ಅಕ್ಕ ಮಡಿಲಲ್ಲಿ ನಿಂಬೆಹಣ್ಣು ತುಂಬಿಕೊಂಡು ಬಂದರು. "ಬ್ಯಾಟರಿನೂ ಅಲ್ಲ, ಗೀಟರಿನೂ ಅಲ್ಲ. ಕಣ್ಣು ಬಿದ್ದಿದೆ ತಮ್ಮಾ. ನೆಂಟರು ಬರೋ ದಿನ ನೋಡಿ ಹೊರಗೆ ತೊಳೆದು ನಿಲ್ಸಿದ್ರೆ ಇನ್ನೇನಾಗುತ್ತೆ?"

"ಅಕ್ಕ, ಇದರ ಮೇಲೆ ಯಾರು ಕಣ್ಣು ಹಾಕ್ತಾರೆ?"

"ಕಾರಿಲ್ಲದೋರು" ಎಂದು ಅಕ್ಕ ಬಾನೆಟ್ಟಿನ ಮೇಲೆ ಅಡಕೊತ್ತಿನಿಂದ ನಿಂಬೆ ಕತ್ತರಿಸಲು ಶುರು ಮಾಡಿದರು. ತೊಳೆದ ಬಾನೆಟ್ಟಿನ ಮೇಲೆ ರಸ ಹರಿಯಿತು.

"ತಳ್ಳೋಣ" ಎಂದರು ಮಾಸ್ತರು.

"ಆಟೋಮ್ಯಾಟಿಕ್ ಗಾಡಿ ತಳ್ಳಿದ್ರೆ ಸ್ಟಾರ್ಟ್ ಆಗಲ್ಲ ಮಾಸ್ತರೆ."

"ಯಾರು ಹೇಳಿದ್ದು? ನೀನು ತಳ್ಳಿ ನೋಡಿದೀಯಾ?"

ತಳ್ಳಿ ನೋಡಿರಲಿಲ್ಲವಾದ್ದರಿಂದ ತಿಲಕಸಿರಿ ಸೋತ. ಚಕ್ರ ಉರುಳಲೆಂದು ಗೇರಿನ ಲಿವರನ್ನು ನ್ಯೂಟ್ರಲ್‌ಗೆ ಎಳೆದ. ನೆಂಟರಲ್ಲಿ ಗಟ್ಟಿಮುಟ್ಟಾಗಿದ್ದ ಆರು ಮಂದಿ ಹಿಂದಿನಿಂದ ಒತ್ತಿದರು. ಅಂಗಳದ ಇಳಿಜಾರಿನಲ್ಲಿ ಕಾರು ಪೊಡಿಮೆಣಿಕೆ ಅಕ್ಕನನ್ನೂ ನಿಂಬೆಹಣ್ಣನ್ನೂ ಬಿಟ್ಟು ಮಾಸ್ತರ ದಾಸವಾಳದ ಬೇಲಿಯ ಕಡೆಗೆ ನುಗ್ಗಿತು. ಗಾಬರಿಯಲ್ಲಿ ತಿಲಕಸಿರಿ ಬ್ರೇಕು ತುಳಿದು ಕೀ ತಿರುಗಿಸಿದ. ಎಂಜಿನ್ ಏನೂ ಆಗದಿದ್ದ ಹಾಗೆ ಸ್ಟಾರ್ಟ್ ಆಯಿತು.

"ನೋಡಿದ್ಯಾ, ತಳ್ಳಿದ್ರೆ ಆಗುತ್ತೆ" ಎಂದರು ಮಾಸ್ತರು.

"ಏಳನೇ ನಿಂಬೆಹಣ್ಣಿಗೆ ಸರಿಯಾಗಿ" ಎಂದರು ಅಕ್ಕ.

ಮಾಸ್ತರು ಕರೆಯದಿದ್ದರೂ ಪಕ್ಕದ ಸೀಟಿನಲ್ಲಿ ಬಂದು ಕೂತರು. "ದಾರೀಲಿ ಏನಾದ್ರೂ ಆದ್ರೆ ತಿಳಿದೋರು ಒಬ್ರು ಬೇಕು."

ದಾರಿಯಲ್ಲಿ ನಿಜಾಮ್ ಬಾಸ್ ಅವರ ಗ್ಯಾರೇಜು. ತಿಲಕಸಿರಿ ಎಂಜಿನ್ ಆರಿಸದೆಯೇ ನಿಲ್ಲಿಸಿ ಬೆಳಗಿನ ಕತೆಯನ್ನೆಲ್ಲ ಹೇಳಿದ.

"ಆರಿಸಿ ತೋರ್ಸಿ" ಎಂದರು ಬಾಸ್.

"ಆರ್ಸಿದ್ಮೇಲೆ ಸ್ಟಾರ್ಟ್ ಆಗ್ದಿದ್ರೆ?"

"ಅದನ್ನೇ ಅಲ್ವಾ ನಾನು ನೋಡ್ಬೇಕಾಗಿರೋದು?"

ಆರಿಸಿದ. ತಿರುಗಿಸಿದ. ಸ್ಟಾರ್ಟ್ ಆಯಿತು. ಎಂಟು ಸಲ ಆರಿಸಿ, ಎಂಟು ಸಲವೂ ಸ್ಟಾರ್ಟ್ ಮಾಡಿದ. ಪರೀಕ್ಷಾಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುವ ಜಾಣ ಹುಡುಗಿಯ ಹಾಗಿತ್ತು ಕಾರು. ನಿಜಾಮ್ ಬಾಸ್ ಕಾರನ್ನು ಬಿಟ್ಟು ತಿಲಕಸಿರಿಯನ್ನೇ ಪರೀಕ್ಷಿಸುವವರ ಹಾಗೆ ನೋಡಿದರು.

"ಮಹತ್ತಯ, ಎರಡು ವರ್ಷದಿಂದ ಬರ್ತಿದೀರಿ. ಒಂದಿನಾನೂ ನನ್ನ ಕಣ್ಣೆದುರು ಇದು ಕೆಟ್ಟಿಲ್ಲ. ಕೆಡದಿರೋ ಗಾಡೀನ ನಾನು ಏನಂತ ಬಿಚ್ಚಲಿ? ಸ್ವಲ್ಪ ನಿದ್ದೆ ಮಾಡಿ."

ವಿಹಾರ ತಲುಪಿದಾಗ ಹತ್ತೂವರೆ. ತಿಲಕಸಿರಿ ಈ ಸಲ ಬುದ್ಧಿವಂತನಾಗಿದ್ದ. ಲಿವರನ್ನು ಪಾರ್ಕಿಗೆ ಹಾಕಿ, ಎಂಜಿನ್ ಆರಿಸದೆ, ಚಪ್ಪಲಿ ಬಿಟ್ಟು ಒಳಗೆ ಹೋದ. ಭಿಕ್ಷುಗಳಿಗೆ ನಮಸ್ಕರಿಸಿ, ಬುದ್ಧನ ಅವಶೇಷವಿರುವ ಧಾತು ಕರಂಡವನ್ನು ತಲೆಯ ಮೇಲೆ ಹೊತ್ತು, ಅವರೊಡನೆ ಮೆಲ್ಲನೆ ಮೆಟ್ಟಿಲಿಳಿದು ಬಂದ. ಅಂಗಳ ವಿಪರೀತ ಶಾಂತವಾಗಿತ್ತು.

"ಆರಿಸ್ಬಿಟ್ಟೆ" ಎಂದರು ಮಾಸ್ತರು, ಕೀಯನ್ನು ಅವನ ಕೈಗೆ ಕೊಡುತ್ತ. "ಪೆಟ್ರೋಲು ಸುಮ್ನೆ ಸುಡ್ತಿತ್ತು. ಇಂಥದ್ದೆಲ್ಲ ನೀನು ಗಮನಿಸ್ಬೇಕು."

ತಲೆಯ ಮೇಲೆ ಧಾತು ಇದ್ದದ್ದರಿಂದ ತಿಲಕಸಿರಿ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡ.

ಮೂವರು ಭಿಕ್ಷುಗಳು ಹಿಂದೆ, ನಾಲ್ಕನೆಯ ಭಿಕ್ಷುಗಳಾದ ದೊಡ್ಡ ಹಾಮುದುರುಗಳು ಕರಂಡ ಹಿಡಿದು ಮುಂದೆ ಕೂತರು. ಕುರುನೇಗಲದ ಕಡೆಯಿಂದ ಹೋದ ತಿಂಗಳಷ್ಟೇ ಈ ವಿಹಾರಕ್ಕೆ ಬಂದ ಹಿರಿಯರು ಅವರು, ಮಾತು ಕಡಿಮೆ. ತಿಲಕಸಿರಿ ಮನಸ್ಸಿನಲ್ಲೇ ತ್ರಿರತ್ನಗಳನ್ನು ನೆನೆದು ಕೀ ತಿರುಗಿಸಿದ. ದೀಪಗಳು ಉರಿದವು. ಅಷ್ಟೇ.

ಮಾಸ್ತರು ಬಾನೆಟ್ ಎತ್ತಿಸಿದರು. ಬ್ಯಾಟರಿಯ ತುದಿಗಳನ್ನು ಒರೆಸಿದರು. ಕಾರಿನಡಿ ತೂರಿ ಸ್ಟಾರ್ಟರ್ ಮೋಟಾರಿಗೆ ಕಲ್ಲಿನಿಂದ ಕುಟ್ಟಿದರು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಊದಿದರು. ಅದರಲ್ಲೊಂದು ಮರಳಿನಲ್ಲಿ ಬಿತ್ತು. ಅದನ್ನು ಹುಡುಕಲು ಹತ್ತು ನಿಮಿಷ ಹೋಯಿತು. ನಿಜಾಮ್ ಬಾಸಿಗೆ ಫೋನ್ ಮಾಡಿದರೆ, "ನಾನು ಬಂದ್ರೆ ಸ್ಟಾರ್ಟ್ ಆಗುತ್ತೆ, ಬಂದು ಏನು ಪ್ರಯೋಜನ?" ಎಂದರು. ಬಾಡಿಗೆ ವ್ಯಾನಿನವನು ಯಾರದೋ ಮದುವೆ ಹಿಡಿದು ಕ್ಯಾಂಡಿಗೆ ಹೋಗಿದ್ದ. ಹನ್ನೊಂದು ದಾಟಿತು. ಸೋಮಲತಾ ಮೂರು ಸಲ ಫೋನ್ ಮಾಡಿದಳು. ಮೂರನೆಯ ಸಲ ಅವಳ ದನಿ ಇಳಿದಿತ್ತು.

"ಅಮ್ಮನಿಗೆ ಇಷ್ಟ ಅಂತ ನಾನೇ ಕೂತು ಮೊಸರು ಹೆಪ್ಪು ಹಾಕಿದ್ದೆ ರೀ" ಎಂದಳು. ಬೈದಿದ್ದರೆ ತಿಲಕಸಿರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವನು ಸ್ಟೀರಿಂಗಿಗೆ ಹಣೆ ಒರಗಿಸಿಬಿಟ್ಟ.

"ಮಹತ್ತಯ" ಎಂದರು ದೊಡ್ಡ ಹಾಮುದುರುಗಳು. "ಬ್ರೇಕು ಗಟ್ಟಿಯಾಗಿ ತುಳ್ಕೊಳ್ಳಿ. ಲಿವರ್ ಪಾರ್ಕಿಂದ ನ್ಯೂಟ್ರಲ್‌ಗೆ ತನ್ನಿ. ಈಗ ಕೀ ತಿರುಗ್ಸಿ."

ತಿರುಗಿಸಿದ. ಎಂಜಿನ್ ಸ್ಟಾರ್ಟ್ ಆಯಿತು.

"ಲಿವರ್ ಕೆಳಗೆ ಒಂದು ಸ್ವಿಚ್ ಇರುತ್ತೆ. ಗೇರಲ್ಲಿರುವಾಗ ಗಾಡಿ ಸ್ಟಾರ್ಟ್ ಆಗಿ ನುಗ್ಗದಿರಲಿ ಅಂತ. ಅದು ಸವೆದ್ರೆ ಪಾರ್ಕಲ್ಲಿದ್ರೂ ಅದಕ್ಕೆ ಗೊತ್ತಾಗಲ್ಲ."

"ಹಾಮುದುರುವನೆ, ಇದನ್ನ ಆಗ್ಲೇ ಹೇಳ್ಬಹುದಿತ್ತಲ್ಲ?"

"ಮಾಸ್ತರು ಮಾತಾಡ್ತಾ ಇದ್ರು" ಎಂದರು ಹಾಮುದುರುಗಳು.

ಹನ್ನೊಂದು ನಲವತ್ತಕ್ಕೆ ಕಾರು ಮನೆ ಮುಟ್ಟಿತು. ಕಾಲು ತೊಳೆದು, ಬಡಿಸಿ, ಗಡಿಯಾರ ನೋಡುತ್ತ ನೋಡುತ್ತ ಊಟ ಮುಗಿಯಿತು. ಕೊನೆಯ ಚಮಚ ಮೊಸರು ಒಳಗೆ ಹೋದಾಗ ಹನ್ನೆರಡಕ್ಕೆ ಎರಡು ನಿಮಿಷವಿತ್ತು. ಸೋಮಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಸ್ಸಿನಲ್ಲಿ ಹಿಂದೆ ಬಂದ ಮಾಸ್ತರು ಅಷ್ಟರಲ್ಲಿ ನೆಂಟರಿಗೆಲ್ಲ ಕತೆ ಹೇಳಿ ಮುಗಿಸಿದ್ದರು. ಅವರ ಕತೆಯಲ್ಲಿ ಸ್ವಿಚ್ಚು ಇರಲಿಲ್ಲ. ಹಾಮುದುರುಗಳು ಒಂದು ಮಾತಾಡಿದರು, ಸತ್ತ ಕಾರು ಎದ್ದಿತು ಎಂದಿತ್ತು. ಪೊಡಿಮೆಣಿಕೆ ಅಕ್ಕ ಕಾರಿಗೆ ಕೈಮುಗಿದು ಬಂದರು. ಕೇಳುತ್ತ ಕೇಳುತ್ತ ಸೋಮಲತಾಳ ಮನಸ್ಸು ತುಂಬಿಬಂತು. ಅವಳು ಎದ್ದು, ನಲವತ್ತು ಮಂದಿ ನೆಂಟರ ಎದುರು ಹಾಮುದುರುಗಳ ಮುಂದೆ ಮಂಡಿಯೂರಿದಳು.

"ಅಮ್ಮನ ಪುಣ್ಯಕ್ಕೆ ಆ ಕಾರನ್ನ ವಿಹಾರಕ್ಕೆ ಒಪ್ಪಿಸ್ತಾ ಇದೀವಿ. ದಯವಿಟ್ಟು ಸ್ವೀಕರಿಸ್ಬೇಕು."

"ಸಾಧು, ಸಾಧು" ಎಂದಿತು ಮನೆಯಿಡೀ.

ತಿಲಕಸಿರಿ ತಟ್ಟನೆ ಹೆಂಡತಿಯ ಕಡೆ ತಿರುಗಿದ. ನನ್ನ ಕಾರು, ನನ್ನನ್ನೇ ಕೇಳದೆ. ಎರಡು ಉಸಿರು ಕಳೆದ ಮೇಲೆ ಇನ್ನೊಂದು ಯೋಚನೆ ಬಂತು. ಕಾರು ಹೋಗುತ್ತದೆ. ಹೆಂಡತಿ ಖುಷಿ, ನೆಂಟರಲ್ಲಿ ಹೆಸರು, ಅತ್ತೆಗೆ ಪುಣ್ಯ. ನಾಳೆಯಿಂದ ಕಚೇರಿಗೆ ಹೊತ್ತಿಗೆ ಸರಿಯಾಗಿ ಬಸ್ಸು. ಅವನು ಹೆಂಡತಿಯ ಪಕ್ಕದಲ್ಲಿ ಮಂಡಿಯೂರಿ ಅವಳಿಗಿಂತ ಭಕ್ತಿಯಿಂದ ಕೈಮುಗಿದ.

"ಇಲ್ಲ ಅನ್ಬಾರ್ದು ಹಾಮುದುರುವನೆ."

ದೊಡ್ಡ ಹಾಮುದುರುಗಳು ಬೀಸಣಿಗೆಯನ್ನು ಪಕ್ಕಕ್ಕಿಟ್ಟರು.

"ಬೇಡ ಉಪಾಸಕರೆ. ಅದು ಒಂದು ಸಲ ನಮ್ಮ ಹಳೆಯ ವಿಹಾರದಲ್ಲಿ ಇದ್ದದ್ದೇ. ಕುರುನೇಗಲದಲ್ಲಿ ನಾಲ್ಕು ವರ್ಷ ನನ್ನ ಹತ್ರಾನೇ ಇತ್ತು. ಆಗ ಬಣ್ಣ ಬೇರೆ. ಒಳಗೆ ಕೂತ ಮೇಲೆ ಗುರುತು ಹತ್ತಿತು. ಆಗಲೂ ಒಬ್ರು ಭಕ್ತರು ಹೀಗೇ ಮಂಡಿಯೂರಿ ಕೊಟ್ಟಿದ್ರು."

ಮನೆಯಲ್ಲಿ ಯಾರೂ ಸಾಧು ಎನ್ನಲಿಲ್ಲ.

ಹಿಂದಕ್ಕೆ ಬಿಟ್ಟುಬರಲು ತಿಲಕಸಿರಿ ನಾಲ್ವರನ್ನೂ ಕಾರಿನಲ್ಲಿ ಕೂರಿಸಿದ. ನೆಂಟರೆಲ್ಲ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಏನಾದರೇನು, ಕಾರಿನ ಗುಟ್ಟಾದರೂ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡು ಬ್ರೇಕು ತುಳಿದ, ಲಿವರನ್ನು ನ್ಯೂಟ್ರಲ್‌ಗೆ ತಂದ, ಗತ್ತಿನಿಂದ ಕೀ ತಿರುಗಿಸಿದ.

ದೀಪಗಳು ಉರಿದವು.

ಇನ್ನೊಂದು ಸಲ ತಿರುಗಿಸಿದ. ದೊಡ್ಡ ಹಾಮುದುರುಗಳು ಬಾಗಿಲು ತೆಗೆದು, ಕೊಡೆ ಬಿಚ್ಚಿ, ಬಸ್ ಸ್ಟಾಪಿನ ಕಡೆ ನೋಡಿದರು.

"ಮೊದಮೊದಲು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗ್ತಿತ್ತು" ಎಂದರು. "ಅದನ್ನೂ ಬಿಟ್ಟ ಮೇಲೇ ನಾವು ಮಾರಿದ್ದು."