ಹಡಗಿನ ಮೂರು ಹೋಟೆಲು, ನನ್ನದೊಂದು ಹೊಟ್ಟೆ

ನಮ್ಮ ಯಜಮಾನರಿಗೂ ನನ್ನ ತಂಗಿಯ ಗಂಡನಿಗೂ ಮೊದಲಿನಿಂದ ಹಾವು ಮುಂಗುಸಿಯ ಪ್ರೀತಿ. ಈ ಷಡ್ಡಕ ಬಣ್ಣದ ಅಂಗಡಿಯವರು. ಆಡುವ ಮಾತಿಗೂ ಎರಡು ಕೋಟು ಬಳಿಯದೆ ಬಿಡುವವರಲ್ಲ. ಹೋದ ವರ್ಷ ಅವರು ಪ್ರವಾಸದ ಹಡಗಿನಲ್ಲಿ ಸುತ್ತಿ ಬಂದರು. ಅಂದಿನಿಂದ ನಮ್ಮ ಮನೆಯಲ್ಲಿ ಉಣ್ಣಲು ಕೂತಾಗಲೆಲ್ಲ, "ಇದೇನು ಮೀನು ಬಿಡಿ ಭಾವ, ನಮ್ಮ ಹಡಗಿನ ಸ್ಪೆಷಲ್ ಹೋಟೆಲಲ್ಲಿ ತಿಂದಿದ್ದು ಮೀನು" ಎಂಬ ರಾಗ. ನನ್ನ ಕೈಯಡುಗೆಗೆ ಆದ ಅವಮಾನವನ್ನು ನಾನು ನುಂಗಿಕೊಂಡೆ. ಯಜಮಾನರು ನುಂಗಲಿಲ್ಲ, ಬೇರೊಂದು ಹಡಗಿಗೆ ಟಿಕೆಟ್ ತಂದರು.

ಆ ಹಡಗಿನಲ್ಲಿ ಟಿಕೆಟ್ಟಿಗೇ ಸೇರಿದ ಊಟದ ದೊಡ್ಡ ಹಾಲ್ ಒಂದು. ಅದು ಬಿಟ್ಟು, ಬೇರೆ ದುಡ್ಡು ಕೊಟ್ಟು ಮುಂಚೆಯೇ ಜಾಗ ಹಿಡಿಯಬೇಕಾದ ಸ್ಪೆಷಲ್ ಹೋಟೆಲುಗಳು ಮೂರು: ಮೀನಿನದೊಂದು, ಮಾಂಸ ಸುಡುವುದೊಂದು, ಇನ್ನೊಂದು ಬರೀ ಮಬ್ಬುಗತ್ತಲೆಯದು (ಅಲ್ಲಿ ಏನು ಕೊಟ್ಟರೆಂದು ತಿಂದ ಮೇಲೂ ತಿಳಿಯಲಿಲ್ಲ).

"ಮೂರಕ್ಕೂ ಜಾಗ ಹಿಡಿದಿದೀನಿ. ನೀನು ರುಚಿ ಹೇಳು, ನಾನು ತೂಕ ನೋಡ್ತೀನಿ" ಎಂದರು ಯಜಮಾನರು. (ಜೀವಮಾನವಿಡೀ ತಕ್ಕಡಿ ರಿಪೇರಿ ಮಾಡಿದವರು. ರುಚಿ ಅವರ ಇಲಾಖೆಯಲ್ಲ.) "ಒಂದಾದ್ರೂ ಅವನ ಹಡಗಿಗಿಂತ ಮೇಲು ಅಂತ ನಿನ್ನ ಬಾಯಿಂದ ಬರ್ಬೇಕು. ನಿನ್ನ ಮಾತು ಅವನು ನಂಬ್ತಾನೆ."

"ಅವರ ಹಡಗಲ್ಲಿ ನಾನು ತಿಂದಿಲ್ವಲ್ಲ?"

"ಅವನೂ ಇಲ್ಲಿ ತಿಂದಿಲ್ಲ. ಸಮ ಸಮ."

ಮೊದಲ ದಿನ ದೊಡ್ಡ ಹಾಲಿನಲ್ಲೇ ಊಟ. ನಮ್ಮ ಮೇಜಿನ ಸಪ್ಲೈಯರ್ ನಡುವಯಸ್ಸಿನವ, ಬಹಳ ಸಾಧು. "ನಾಳೆ ಎಲ್ಲಿ ಊಟ ಅಮ್ಮ?" ಎಂದ. ಮೀನಿನ ಹೋಟೆಲು ಎಂದೆ. ಅವನ ಮುಖ ಬಾಡಿತು.

"ಹೋಗಿ ಬನ್ನಿ ಅಮ್ಮ. ಎಲ್ಲರೂ ಅಲ್ಲಿಗೇ ಹೋಗ್ತಾರೆ. ನೀವು ಹೋದ್ರೆ ನಂಗೆ ಬೇಜಾರು. ಖಾಲಿ ಕುರ್ಚಿ ಒರೆಸ್ಕೊಂಡು ಇರ್ತೀನಿ."

ಖಾಲಿ ಕುರ್ಚಿ ಒರೆಸುವ ಆ ಕೈಗಳು ರಾತ್ರಿಯೆಲ್ಲ ನನ್ನ ಕಣ್ಣ ಮುಂದೆ ಬಂದವು. ಮಾರನೆಯ ಸಂಜೆ, "ಮಂಡಿ ಹಿಡ್ಕೊಂಡಿದೆ, ಸ್ವಲ್ಪ ನಡೆದು ಬರ್ತೀನಿ" ಎಂದು ಯಜಮಾನರಿಗೆ ಹೇಳಿ ಸೀದಾ ಹಾಲಿಗೆ ಹೋಗಿ ಕೂತೆ. ಅವನು ತಂದಿಟ್ಟ, ನಾನು ತಿಂದೆ. ಅಲ್ಲಿಂದ ಎದ್ದವಳು ಮೀನಿನ ಹೋಟೆಲಿಗೆ.

"ಹೇಗಿದೆ?" ಯಜಮಾನರು ನನ್ನ ಬಾಯನ್ನೇ ನೋಡುತ್ತಿದ್ದರು.

ಕುತ್ತಿಗೆಯವರೆಗೆ ತುಂಬಿಕೊಂಡವಳಿಗೆ ಅಮೃತವಾದರೂ ಅಷ್ಟೇ. "ಸಪ್ಪೆ" ಎಂದೆ.

ಮಾರನೆಯ ದಿನವೂ ಮಂಡಿ, ಊಟದ ಹಾಲ್, ಆಮೇಲೆ ಮಾಂಸದ ಹೋಟೆಲು. "ಗಡುಸು" ಎಂದೆ. ಅದರ ಮರುದಿನ ಮಬ್ಬುಗತ್ತಲೆಯಲ್ಲಿ ಏನನ್ನೂ ಹೇಳಲಾಗದೆ ತೇಗಿದೆ.

"ಮೂರೂ ಫೇಲಾ?" ಯಜಮಾನರ ಮುಖ ಖಾಲಿ ತಕ್ಕಡಿಯ ತಟ್ಟೆಯಂತೆ ಮೇಲಕ್ಕೆದ್ದು ನಿಂತಿತು. "ಅವನಿಗೆ ಯಾವ ಮುಖ ತೋರಿಸ್ಲಿ?" ಹೋಗಿ, ಕೊನೆಯ ದಿನಕ್ಕೆ ಮೀನಿನ ಹೋಟೆಲಿನಲ್ಲೇ ಮತ್ತೆ ಜಾಗ ಹಿಡಿದು ಬಂದರು.

ಆ ಸಂಜೆ ಮನಸ್ಸು ಕಲ್ಲು ಮಾಡಿಕೊಂಡೆ. ಹಾಲಿನ ಕಡೆ ತಲೆ ಹಾಕಲಿಲ್ಲ. ಮಧ್ಯಾಹ್ನವೂ ಉಣ್ಣದೆ ಹೋಗಿ ಕೂತೆ. ಇಡೀ ಹೋಟೆಲಿಗೆ ನಮ್ಮದೊಂದೇ ಮೇಜು. ಯಾರೋ ಸೂಪು ತಂದಿಟ್ಟರು. ಒಂದು ಚಮಚ ಬಾಯಿಗೆ ಬಿದ್ದದ್ದೇ ತಡ, ಷಡ್ಡಕನ ಹಡಗು ನನ್ನ ಮಟ್ಟಿಗೆ ಮುಳುಗಿಹೋಯಿತು. ಇದನ್ನು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ, ಬೆನ್ನ ಹಿಂದಿನ ಮರದ ಪರದೆಯಾಚೆ ಇಬ್ಬರ ಮಾತು; ಉತ್ತರ ಕೊಡುತ್ತಿದ್ದದ್ದು ಪರಿಚಯದ ದನಿ. (ಯಜಮಾನರಿಗೆ ಕಿವಿ ಮಂದ. ನನ್ನ ಕಿವಿಗೆ ಆ ಪುಣ್ಯವಿಲ್ಲ.)

"ನೀನೇನಯ್ಯಾ ಇಲ್ಲಿ? ನಿಂದು ಹಾಲ್ ಡ್ಯೂಟಿ ಅಲ್ವಾ?"

"ಕೇಳಿ ಹಾಕಿಸ್ಕೊಂಡೆ ಮಾರಾಯ. ಅಲ್ಲಿ ಒಬ್ಬರು ಅಜ್ಜಿ ಇದಾರೆ. ಎಲ್ಲರಿಗೂ ಹೇಳೋ ಹಾಗೆ 'ನೀವು ಹೋದ್ರೆ ಬೇಜಾರು' ಅಂದ್ಬಿಟ್ಟೆ. ಪಾಪ, ನಿಜ ಅಂತ ತಿಳ್ಕೊಂಡು ದಿನಾ ಬಂದು ಕೂತ್ಕೋತಾರೆ. ಮೇಜು ಖಾಲಿ ಆದ್ರೆ ಮಗಳು ಮಲಗೋಕೆ ಮುಂಚೆ ಫೋನಲ್ಲಿ ಮಾತಾಡ್ಬೋದು. ಈ ಸಲ ಒಂದಿನಾನೂ ಆಗಿಲ್ಲ. ಇಲ್ಲಿ ಇವತ್ತು ಒಂದೇ ಮೇಜಂತೆ. ಬೇಗ ಎಬ್ಬಿಸ್ತೀನಿ."

ಎರಡು ತಟ್ಟೆ ಮೀನು ಹಿಡಿದು ಪರದೆ ದಾಟಿ ಬಂದವನು ನನ್ನನ್ನು ಕಂಡು ನಿಂತ.

"ಅಮ್ಮ... ಇಲ್ಲಿಗೂ ಬಂದ್ರಾ?"

"ಹೊಟ್ಟೆ ಸರಿಯಿಲ್ಲಪ್ಪ. ನಂಗೇನೂ ಬೇಡ, ಮೇಜು ಎತ್ತಿಬಿಡು" ಎಂದು ಎದ್ದೆ.

"ಒಂದು ತುತ್ತಾದ್ರೂ ತಿನ್ನೇ" ಎಂದು ಯಜಮಾನರು ಅಂಗಲಾಚಿದರು.

"ಬೇಡ ಅಂದ್ನಲ್ಲ. ನೀವೂ ಬನ್ನಿ."

ರೂಮಿಗೆ ಬಂದು ಚೀಲದ ತಳದಲ್ಲಿದ್ದ ಮೆತ್ತಗಾದ ಬಿಸ್ಕತ್ತು ಕಡಿಯುತ್ತ ಕೂತೆ. ಇಷ್ಟು ಹೊತ್ತಿಗೆ ಆ ಮಗು ಅಪ್ಪನ ಜೊತೆ ಮಾತಾಡುತ್ತಿರಬೇಕು ಎಂದುಕೊಂಡರೆ ಬಿಸ್ಕತ್ತೂ ರುಚಿಯೆನಿಸಿತು. ಬಿಸ್ಕತ್ತು ಮುಗಿದರೂ ಯಜಮಾನರ ಸುಳಿವಿಲ್ಲ. ಬಹಳ ಹೊತ್ತಾದ ಮೇಲೆ ಹೊಟ್ಟೆ ಸವರಿಕೊಳ್ಳುತ್ತ ಬಂದರು.

"ನಿನ್ನ ತಂಗಿ ಗಂಡನಿಗೆ ಫೋನ್ ಮಾಡಿ ಸೋಲು ಒಪ್ಕೊಂಡೆ. ಹಸಿದಿದ್ದವಳು ಮೀನು ನೋಡೇ ಎದ್ದುಬಿಟ್ಟಳು ಅಂದ್ಮೇಲೆ ಇನ್ನೇನಿದೆ?"

"ಸೂಪು ಮಾತ್ರ ಬಹಳ ಚೆನ್ನಾಗಿತ್ತು ರೀ..."

"ಬಿಡು, ಸಮಾಧಾನಕ್ಕೆ ಹೇಳ್ಬೇಡ."

"ಅದಿರ್ಲಿ, ನೀವ್ಯಾಕೆ ಇಷ್ಟು ಹೊತ್ತು?"

"ನಿನ್ನ ತಟ್ಟೇನೂ ನಾನೇ ಖಾಲಿ ಮಾಡ್ದೆ. ಬೇಗ ಏಳೋಣ ಅಂತಾನೇ ಇದ್ದೆ ಕಣೇ. ಆದ್ರೆ ಆ ಸಪ್ಲೈಯರ್, ಪಾಪ, ಎಂಥಾ ಒಳ್ಳೆ ಮನುಷ್ಯ ಗೊತ್ತಾ? 'ನೀವೂ ಹೋದ್ರೆ ನಂಗೆ ಬೇಜಾರು' ಅಂದ. ಮನಸ್ಸು ತಡೀಲಿಲ್ಲ, ಕೂತ್ಬಿಟ್ಟೆ."