ಜೋಲಾರಪೇಟೆ ಮಾರ್ಗವಾಗಿ

ನನ್ನ ಭಾವನಷ್ಟು ರೈಲು ಬಲ್ಲವರು ಮೂಡಿಗೆರೆ ತಾಲ್ಲೂಕಿನಲ್ಲೇ ಇಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ರೈಲೂ ಇಲ್ಲ, ಆ ಮಾತು ಬೇರೆ! ಅದರಲ್ಲೂ ಮನುಷ್ಯರು ಕೂರುವ ರೈಲೆಂದರೆ ಅವರಿಗೆ ಅಸಡ್ಡೆ. ಅವರದೇನಿದ್ದರೂ ಗೂಡ್ಸ್ ಗಾಡಿ. ಯಾವ ಕಂಟೇನರ್ ಎಲ್ಲಿಂದ ಹೊರಟು, ಎಲ್ಲಿ ಇಂಜಿನ್ ಬದಲಿಸಿ, ಯಾವ ಬಂದರು ಸೇರುತ್ತದೆ ಎಂಬುದನ್ನು ಊಟಕ್ಕೆ ಕೂತವರ ಕೈ ಒಣಗುವವರೆಗೂ ಹೇಳಬಲ್ಲರು.

ಹಾಸನದಲ್ಲಿ ನಮ್ಮ ಚಿಕ್ಕಪ್ಪನ ಮಗನ ಮದುವೆ. ಧಾರೆಯ ಹೊತ್ತಿಗೆ ಭಾವ ಮಂಟಪದಲ್ಲಿಲ್ಲ. ಹುಡುಕಿದರೆ ರೈಲ್ವೆ ಗೇಟಿನ ಬಳಿ ಸಿಕ್ಕರು.

"ಧಾರೆ ಮುಗೀತು ಭಾವ."

"ಇಲ್ಲಿ ನಲವತ್ತು ಡಬ್ಬಿ ಹೋಯ್ತು ಮಾರಾಯ. ನೀನೂ ನೋಡ್ಬೇಕಿತ್ತು."

ಈ ಹುಚ್ಚು ಹಿಡಿದದ್ದು ಮಗಳ ಮದುವೆಯಾದ ಮೇಲೆ. ಸುಮಿತ್ರಾ ಜೋಲಾರಪೇಟೆಯಲ್ಲಿ ರೈಲ್ವೆ ಕೆಲಸದಲ್ಲಿದ್ದ ತಮಿಳು ಹುಡುಗನನ್ನು ತಾನೇ ಮೆಚ್ಚಿ ಮದುವೆಯಾದಳು. ಭಾವ ಮದುವೆಗೆ ಹೋಗಲಿಲ್ಲ. "ಅವಳ ಹೆಸರು ಈ ಮನೇಲಿ ಎತ್ಕೂಡದು" ಎಂದರು. ಕಷ್ಟವೇನೆಂದರೆ, ಅವಳು ಹುಟ್ಟಿದ ವರ್ಷ ತೋಟಕ್ಕೆ ಅವಳ ಹೆಸರನ್ನೇ ಇಟ್ಟಿದ್ದರು! ಫೋನೆತ್ತಿ 'ಸುಮಿತ್ರಾ ಎಸ್ಟೇಟ್' ಎನ್ನುತ್ತಿದ್ದವರು ಅಂದಿನಿಂದ ಬರೀ 'ಎಸ್ಟೇಟ್' ಎನ್ನತೊಡಗಿದರು. ಯಾವ ಎಸ್ಟೇಟ್ ಎಂದು ಅತ್ತ ಕಡೆಯವರು ಕೇಳಿದರೆ ಫೋನು ಅಕ್ಕನ ಕೈಗೆ.

ಅಕ್ಕನ ಆಸೆ ಒಂದೇ, ಮಗಳನ್ನು ಮನೆಗೆ ಕರೆಯಬೇಕು. ಆ ಮಾತು ಶುರುವಾಯಿತೋ, ಭಾವ ಗೋಡೆಯ ರೈಲ್ವೆ ನಕ್ಷೆಗೆ ತಿರುಗುವರು.

"ಬಂದರಿಗೆ ಸಮುದ್ರ ಬೇಕೂಂತ ಯಾರು ಹೇಳಿದ್ರು? ಬೆಂಗಳೂರಲ್ಲಿ ನೀರಿಲ್ಲದ ಬಂದರಿದೆ. ಕಸ್ಟಮ್ಸು, ಸೀಲು, ಎಲ್ಲ ಅಲ್ಲೇ. ಅಲ್ಲಿಂದ ನೇರ ರೈಲು."

"ನಾನು ಸುಮಿತ್ರನ್ನ ಕರ್ಸೋಣ ಅಂದೆ" ಎನ್ನುವಳು ಅಕ್ಕ.

"ನಾನೂ ದಾರಿ ವಿಷ್ಯಾನೇ ಹೇಳ್ತಿರೋದು."

ಇಂಥವರ ಜೊತೆ ಹೇಗೆ ಸಂಸಾರ ಮಾಡುವುದು, ನೀವೇ ಹೇಳಿ?

ಕಾಫಿ ಮಾರಾಟವನ್ನು ಸರ್ಕಾರ ಬೆಳೆಗಾರರಿಗೇ ಬಿಟ್ಟ ಮೇಲೆ, ನಾವು ನಾಲ್ಕು ಮನೆಯವರು ಸೇರಿ ಒಂದು ಕಂಟೇನರ್ ಕಾಫಿಯನ್ನು ಯುರೋಪಿಗೆ ಕಳಿಸುವುದೆಂದಾಯಿತು. ಚಾರ್ಮಾಡಿ ಘಾಟಿ ಇಳಿದರೆ ಮಂಗಳೂರು ಬಂದರು. ಭಾವ ಒಪ್ಪಲೇ ಇಲ್ಲ. ಲಾರಿಯಲ್ಲಿ ಬೆಂಗಳೂರು, ಅಲ್ಲಿಂದ ಗೂಡ್ಸ್ ಗಾಡಿಯಲ್ಲಿ ಮದ್ರಾಸು, ಆಮೇಲೆ ಹಡಗು ಸಿಲೋನನ್ನು ಸುತ್ತಿ ಮತ್ತೆ ನಮ್ಮ ಪಕ್ಕದ ಸಮುದ್ರಕ್ಕೇ ಬರಬೇಕು!

"ಇಷ್ಟು ಸುತ್ತಿ ಬಳಸಿ ಯಾಕೆ ಭಾವ?"

"ಗೂಡ್ಸ್ ಗಾಡಿ ವಿಷ್ಯ ನಿಂಗೆ ತಿಳಿಯಲ್ಲ ಮಾರಾಯ."

ಜಗಳವಾಡಿ ಸುಸ್ತಾಗಿ ನಾವೇ ಸೋತೆವು.

ಚೀಲದ ಮೇಲೆ ತೋಟದ ಹೆಸರು ಬರೆಯುವುದು ನಮ್ಮಲ್ಲಿ ರೂಢಿ. ಅಂಗೈಯಗಲ ಬರೆದರೆ ಸಾಕು. ಭಾವ ಬ್ರಷ್ ಹಿಡಿದು ತಾವೇ ಕೂತರು. ಅವರು ಕೆಂಪು ಬಣ್ಣದಲ್ಲಿ ಬರೆದ 'ಸುಮಿತ್ರಾ' ಎಷ್ಟು ದೊಡ್ಡದಾಯಿತೆಂದರೆ 'ಎಸ್ಟೇಟ್' ಎನ್ನುವುದಕ್ಕೆ ಜಾಗವೇ ಉಳಿಯಲಿಲ್ಲ. ಬಾಯಲ್ಲಿ ಎತ್ತಕೂಡದ ಹೆಸರು ಚೀಲದ ಮೇಲೆ ಬರಬಹುದೇ? ಕೇಳಿದ್ದಕ್ಕೆ ಕಸ್ಟಮ್ಸ್ ನಿಯಮ ಎಂದುಬಿಟ್ಟರು.

ಲಾರಿಯ ಜೊತೆ ನಾವಿಬ್ಬರೂ ಬೆಂಗಳೂರಿನ ಆ ನೀರಿಲ್ಲದ ಬಂದರಿಗೆ ಹೋದೆವು. ತಮ್ಮ ಚೀಲಗಳನ್ನು ಕಂಟೇನರಿನ ಬಾಗಿಲ ಬಳಿಯೇ, ಹೆಸರು ಹೊರಗೆ ಕಾಣುವ ಹಾಗೆ ಜೋಡಿಸಿರೆಂದು ಭಾವ ಹಮಾಲರ ಪ್ರಾಣ ತಿಂದರು. ಜೋಡಿಸಿದ್ದಾಯಿತು. ಆಮೇಲೆ ಕಬ್ಬಿಣದ ಬಾಗಿಲು ಮುಚ್ಚಿ ಸೀಲು ಹಾಕಿದರು.

ಭಾವ ಬೆಪ್ಪಾಗಿ ನಿಂತರು. "ಮುಚ್ತಾರಾ?"

"ಮುಚ್ಚದೆ ಮತ್ತೇನು ಭಾವ?"

"ಮುಚ್ಚಿದ್ರೆ ಅವಳಿಗೆ ಹೆಂಗೆ ಕಾಣತ್ತೆ?"

ನನಗೆ ಆಗ ಹೊಳೆಯಿತು. ಜೋಲಾರಪೇಟೆ ಮದ್ರಾಸಿನ ದಾರಿಯಲ್ಲೇ ಇದೆ. ಸುಮಿತ್ರಾಳ ಕ್ವಾರ್ಟರ್ಸ್ ಹಳಿಯ ಪಕ್ಕದಲ್ಲೇ ಇದೆ. ಅಂಗಳದಲ್ಲಿ ಬಟ್ಟೆ ಒಣಗಿಸುತ್ತ ನಿಂತ ಮಗಳು, ಹಾದು ಹೋಗುವ ಗಾಡಿಯ ಮೇಲೆ ತನ್ನ ಹೆಸರು ಓದಲಿ ಎಂದು ಈ ಮನುಷ್ಯ ಇಷ್ಟು ವರ್ಷ ಗೂಡ್ಸ್ ಗಾಡಿಗಳ ಹಿಂದೆ ಬಿದ್ದಿದ್ದರು. ಕಂಟೇನರಿಗೆ ಬಾಗಿಲಿರುತ್ತದೆ ಎಂಬುದೊಂದನ್ನು ಮರೆತಿದ್ದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಮಿಕ್ಕಿದ್ದ ಒಂದು ಖಾಲಿ ಚೀಲವನ್ನು ಭಾವ ಹೆಸರು ಕಾಣುವ ಹಾಗೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಗೂಡ್ಸ್ ಗಾಡಿಗಳ ಜಾತಕವನ್ನೆಲ್ಲ ಬಲ್ಲ ಆ ಮನುಷ್ಯ ಮೆಲ್ಲಗೆ ನನ್ನನ್ನು ಕೇಳಿದರು:

"ನಮ್ಮ ಸುಮಿತ್ರನ ಊರಿಗೆ ಪ್ಯಾಸೆಂಜರ್ ಗಾಡಿ ಎಷ್ಟು ಹೊತ್ತಿಗೆ ಮಾರಾಯ?"